ಲಾಲ್‌ಜೀಯ ಪೆಟ್ಟಿಗೆ

...ನಿಯಮ ಒಂದೇ ಇತ್ತಲ್ಲಮ್ಮ. ಒಂದೇ ಒಂದು! ಕಾರು ಮನೆ ಬಿಡುವ ಮೊದಲೇ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದ್ದೆ. ಅಬು ಗುಡ್ಡದ ಮೇಲೆ ಏನು ಬೇಕಾದರೂ ನೋಡಿ, ಎಷ್ಟು ಬೇಕಾದರೂ ತಿನ್ನಿ, ಕುದುರೆ ಹತ್ತಿ, ದೋಣಿ ಹತ್ತಿ, ನನ್ನ ಅಭ್ಯಂತರವಿಲ್ಲ. ಆದರೆ ಪರೀಖ್ ಮನೆಯವರ ಗಂಟಲಲ್ಲಿ ಮದ್ಯದ ಒಂದು ಹನಿ ಇಳಿಯಕೂಡದು. ಹೇಳಿದ್ದೆನೋ ಇಲ್ಲವೋ? ನೀನೂ ಅಲ್ಲೇ ಇದ್ದೆಯಲ್ಲ, ನಿನ್ನ ಪೂಜೆಯ ಕೃಷ್ಣ ಲಾಲ್‌ಜೀಯನ್ನು ಮಡಿಲಲ್ಲಿಟ್ಟುಕೊಂಡು...

ಬೇಡ, ಬೇಡ, ಮಾತಾಡಬೇಡ! ಗೋಮುಖಿ ಚೀಲದೊಳಗೆ ಕೈ ಇಟ್ಟು ಜಪಕ್ಕೆ ಕೂತವಳು ಮಾಲೆ ಮುಗಿಯದೆ ತುಟಿ ಬಿಚ್ಚುವವಳಲ್ಲ ಅಂತ ನನಗೆ ಗೊತ್ತಿಲ್ಲವೇ? ಮಣಿ ಎಣಿಸು. ಕಿವಿ ಮಾತ್ರ ಈ ಕಡೆ ಕೊಡು. ಅವರೆಲ್ಲ ನಮ್ಮಿಬ್ಬರನ್ನೇ ಕಾರಿನಲ್ಲಿ ಬಿಟ್ಟು ಚಹಾ ಅಂಗಡಿಗೆ ಹೋಗಿದ್ದಾರೆ, ಈಗಲೇ ಬರುವುದಿಲ್ಲ. ಸಾಲು ನೋಡು, ಗಡಿಯ ಗೇಟಿನ ತನಕ ಬರೀ ಕಾರುಗಳು. ದೀಪಾವಳಿ ರಜೆ ಮುಗಿಸಿ ಇಡೀ ಗುಜರಾತು ಒಂದೇ ದಿನ ಗುಡ್ಡ ಇಳಿದಿದೆ. ಪೊಲೀಸರು ಒಂದೊಂದೇ ಗಾಡಿ ತಪಾಸಣೆ ಮಾಡಿಕೊಂಡು ಬರುತ್ತಿದ್ದಾರೆ. ಬರಲಿ. ಕಾನೂನು ಅಂದಮೇಲೆ ತಪಾಸಣೆ ಇರಲೇಬೇಕು. ಗಡಿಯ ಆಚೆ ರಾಜಸ್ಥಾನದಲ್ಲಿ ಬೀದಿಬೀದಿಗೂ ಮದ್ಯದಂಗಡಿ, ಈಚೆ ನಮ್ಮಲ್ಲಿ ಬಾಟಲಿ ಇಟ್ಟುಕೊಂಡರೂ ಜೈಲು. ಇದು ನಮ್ಮ ರಾಜ್ಯದ ಹೆಮ್ಮೆ ಅಂತ ಪಾನನಿಷೇಧ ಸಮಿತಿಯ ಅಧ್ಯಕ್ಷನಾಗಿ ಪ್ರತಿ ಗಾಂಧಿ ಜಯಂತಿಗೆ ನಾನೇ ಭಾಷಣ ಮಾಡುವುದಿಲ್ಲವೇ?

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಸಾವಿರ ಮಕ್ಕಳನ್ನು ಒಂದು ಕಣ್ಸನ್ನೆಯಲ್ಲಿ ನಿಲ್ಲಿಸಿದವನು. ಆದರೆ ನನ್ನ ಮನೆಯ ನಾಲ್ಕು ಜನ! ನಾಲ್ಕೇ ಜನ ಅಮ್ಮ, ನಾಲ್ವರೂ ನಿಯಮ ಮುರಿದರು!

ನಿನ್ನ ಮೊಮ್ಮಗ ಕೇತುಲ್, ಅವನ ಜೊತೆ ನಮ್ಮ ಅಳಿಯ ಮಹಾಶಯ ಪಾರ್ಥಿವ್. ಇಬ್ಬರೂ ಸೂರ್ಯಾಸ್ತ ನೋಡಲು ಹೋದರು. ನಾವೂ ಹೋಗಿದ್ದೆವಲ್ಲ, ನಿನ್ನನ್ನೂ ಲಾಲ್‌ಜೀಯನ್ನೂ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು. ಸೂರ್ಯ ಮುಳುಗಿದ, ಜನ ಚಪ್ಪಾಳೆ ತಟ್ಟಿದರು, ನಾವು ಹೋಟೆಲಿಗೆ ಬಂದೆವು. ನೀನು ಲಾಲ್‌ಜೀಗೆ ಹಾಲು ನೈವೇದ್ಯ ಮಾಡಿ, ಉಣ್ಣೆಯ ಟೋಪಿ ಹಾಕಿ ಮಲಗಿಸಿದೆ. ಇವರಿಬ್ಬರೂ ಇನ್ನೂ ಸೂರ್ಯಾಸ್ತ ನೋಡುತ್ತಲೇ ಇದ್ದಾರೆ! ಕೊನೆಗೆ ಬಂದರು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ಯಾವ ಸೂರ್ಯನನ್ನು ನೋಡುತ್ತಿದ್ದಿರಪ್ಪಾ ಅಂತ ಕೇಳಿದರೆ ಅಳಿಯ ಏನಂದ ಗೊತ್ತೇ? "ಪಪ್ಪಾ, ಇವತ್ತು ಸೂರ್ಯ ಸ್ವಲ್ಪ ನಿಧಾನ ಮಾಡಿದ!"

ನಗುತ್ತಿದ್ದೀಯಾ? ನಗು, ನಗು. ಮೊಮ್ಮಕ್ಕಳ ಮಾತಿಗೆ ನೀನು ಯಾವಾಗ ನಗಲಿಲ್ಲ?

ಇನ್ನು ಸೊಸೆ ಬಿನಲ್‌ಳ ಕತೆ ಕೇಳು. ನಕ್ಕಿ ಕೆರೆಯ ದಂಡೆಯಲ್ಲಿ ಬಾಡಿಗೆ ಘಾಗ್ರಾ ಉಟ್ಟು, ತಲೆಯ ಮೇಲೆ ಮೂರು ಕೊಡ ಹೊತ್ತು ಫೋಟೋ ತೆಗೆಸಿಕೊಂಡಳಲ್ಲ. ಕೊಡ ಯಾಕಷ್ಟು ಅಲ್ಲಾಡುತ್ತಿತ್ತು? ಕೆಮ್ಮಿಗೆ ಔಷಧಿ ಕುಡಿದೆ ಮಾವಾಜಿ ಅಂದಳು. ಗಂಡನ ಬಾಟಲಿಯಿಂದ! ಇನ್ನು ನಿನ್ನ ಹಿರಿಯ ಸೊಸೆ, ನನ್ನ ಧರ್ಮಪತ್ನಿ ತರುಲತಾ. ಆಲೂಗಡ್ಡೆಯನ್ನು ಕೂಡ ಎರಡು ಸಲ ತೊಳೆಯುವವಳು! ಹೋಟೆಲಿನಲ್ಲಿ ದ್ರಾಕ್ಷಿ ರಸ ಅಂತ ಕುಡಿದಳು. ಇದು ಬರೀ ರಸವಲ್ಲ ಕಣೇ ಅಂದರೆ, "ದ್ರಾಕ್ಷಿ ಏಕಾದಶಿಗೂ ನಡೆಯುತ್ತದೆ, ನೀವು ಸುಮ್ಮನಿರಿ" ಅಂತ ನನಗೇ ಗದರಿದಳು. ಎರಡನೆಯ ಲೋಟ ಮುಗಿಸಿ, ಕಪ್ಪೆಯಂತೆ ಕಾಣುವ ಆ ಬಂಡೆಯ ಎದುರಿಗೆ, ಊರೂರಿನ ಪ್ರವಾಸಿಗರ ಮುಂದೆ ಗರ್ಬಾ ಕುಣಿದಳು! ಒಬ್ಬಳೇ! ಪಂಜಾಬಿನವರು ಯಾರೋ ವೀಡಿಯೊ ಬೇರೆ ಮಾಡಿಕೊಂಡರು.

ಹೀಗಾಗಿ ಈ ಪ್ರವಾಸದಲ್ಲಿ ನಿಯಮ ಉಳಿಸಿಕೊಂಡವರು ಇಬ್ಬರೇ. ನೀನು ಮತ್ತು ನಾನು.

...ಯಾಕೆ ಹಾಗೆ ನೋಡುತ್ತೀ?

ಸರಿ, ಲಾಲ್‌ಜೀಯೂ ಸೇರಿ ಮೂವರು. ಅವನನ್ನು ಬಿಟ್ಟೆ ಅಂತ ಕೋಪವೇ? ಅಂಗೈಯಗಲದ ಹಿತ್ತಾಳೆ ಕೃಷ್ಣ, ಆದರೆ ಮನೆಯಲ್ಲಿ ಅವನದ್ದೇ ದರ್ಬಾರು. ಅವನಿಗೆ ಚಳಿ ಅಂತ ಹೋಟೆಲಿನಲ್ಲಿ ಬಿಸಿಲು ಬೀಳುವ ಕೋಣೆ ಕೊಡಿಸಿದೆನೋ ಇಲ್ಲವೋ? ಗುರುಶಿಖರದ ಗಾಳಿಗೆ ಅವನ ಮೂಗು ಕೆಂಪಾಯಿತು ಅಂದೆ ನೀನು. ಹಿತ್ತಾಳೆಯ ಮೂಗು! ನಾನು ಎದುರು ಮಾತಾಡಿದೆನೇ? ತಕ್ಷಣ ಕೆಳಗಿಳಿದೆವು.

ಅಗೋ, ಪೊಲೀಸರು ಆ ಬಿಳಿ ಕಾರಿನ ಹತ್ತಿರ ಬಂದರು. ನಮಗಿನ್ನೂ ಸಮಯವಿದೆ. ಒಂದು ಸಣ್ಣ ವಿಷಯ ಹೇಳಬೇಕಾಗಿತ್ತು. ಸಣ್ಣದು. ಗಾಬರಿಯಾಗುವಂಥದ್ದಲ್ಲ. ಆ ಹುಡುಗರಿಂದ ಕೆಲವು ಬಾಟಲಿ ಜಪ್ತಿ ಮಾಡಿದ್ದೇನೆ. ಹೌದು, ಜಪ್ತಿ! ತಂದೆಯಾಗಿ ನನ್ನ ಕರ್ತವ್ಯ. ಅಲ್ಲೇ ಚರಂಡಿಗೆ ಸುರಿಯಬಹುದಿತ್ತಲ್ಲ ಅಂತ ನಿನ್ನ ಕಣ್ಣು ಕೇಳುತ್ತಿದೆ. ಸುರಿಯಬಹುದಿತ್ತು. ಆದರೆ ಸಾಕ್ಷ್ಯ ನಾಶ ಮಾಡುವುದು ನನ್ನ ಪದ್ಧತಿಯಲ್ಲ. ಸಮಿತಿಯಲ್ಲಿ ಪ್ರದರ್ಶನಕ್ಕೆ ಇಡಬಹುದು, ನೋಡಿ ಮಹನೀಯರೇ, ನಮ್ಮ ಯುವಕರನ್ನು ಹಾಳು ಮಾಡುವ ವಸ್ತು ಇದೇ ಅಂತ. ನಾಳೆ ದೀಪಾವಳಿಯ ಕೊನೆಯ ಹಬ್ಬ ಲಾಭಪಂಚಮಿಗೆ ಸಮಿತಿಯವರೆಲ್ಲ ಮನೆಗೆ ಬರುತ್ತಾರೆ. ಖಜಾಂಚಿ ಆಗಲೇ ಫೋನ್ ಮಾಡಿದ್ದ, ಸಾಮಗ್ರಿ ಬಂತೇ ಅಂತ... ಪ್ರದರ್ಶನದ ಸಾಮಗ್ರಿ. ಅವರಿಗೂ ಕಾಳಜಿ ಇರುತ್ತದಲ್ಲ.

ಎಲ್ಲಿಟ್ಟಿದ್ದೀ ಅಂತಲೇ? ಅದೇ... ನಿನ್ನ ಪಕ್ಕದಲ್ಲಿ. ಕೆಂಪು ಬಟ್ಟೆ ಹೊದಿಸಿದ ಆ ಪೆಟ್ಟಿಗೆಯಲ್ಲಿ.

ಬೆರಳು ಯಾಕೆ ನಿಂತಿತು? ಅಮ್ಮಾ, ಜಪ ನಿಲ್ಲಿಸಬೇಡ. ಮಣಿ ಉರುಳಿಸು.

ಲಾಲ್‌ಜೀಯ ಬಟ್ಟೆಬರೆ, ಅವನ ಹಾಸಿಗೆ, ಬೆಳ್ಳಿಯ ಲೋಟ ಇರುವ ಪೆಟ್ಟಿಗೆ ಅದು ಅಂತ ನನಗೆ ಗೊತ್ತು. ನಿನ್ನ ಹೊರತು ಯಾರೂ ಮುಟ್ಟಕೂಡದು ಅಂತಲೂ ಗೊತ್ತು. ಮೊದಲು ಪೂರ್ತಿ ಕೇಳು! ನಾನೇನು ಮೈಲಿಗೆಯಲ್ಲಿ ಕೈ ಹಾಕಿದೆನೇ? ಬೆಳಗಿನ ಜಾವ ತಣ್ಣೀರಲ್ಲಿ ಸ್ನಾನ ಮಾಡಿ, ಒದ್ದೆ ಪಂಚೆಯುಟ್ಟು, ಹಲ್ಲು ಕಟಕಟ ಅನ್ನುತ್ತಿದ್ದರೂ ಮಡಿಯಲ್ಲೇ ಇಟ್ಟಿದ್ದೇನೆ. ಬಾಟಲಿಗಳನ್ನೂ ತೊಳೆದಿದ್ದೇನೆ, ಹೊಸ ಟವೆಲಿನಲ್ಲಿ ಸುತ್ತಿದ್ದೇನೆ. ಮಡಿಗೆ ಕೂದಲಷ್ಟೂ ಭಂಗ ಬಂದಿಲ್ಲ. ಶಾಸ್ತ್ರ ಬಲ್ಲವರನ್ನು ಬೇಕಾದರೆ ಕೇಳು.

ಯಾವ ಪೊಲೀಸನೂ ಆ ಕೆಂಪು ಬಟ್ಟೆಗೆ ಕೈ ಹಚ್ಚುವುದಿಲ್ಲ ಅಮ್ಮ. ಕಿಟಕಿಯಲ್ಲಿ ಬಗ್ಗುತ್ತಾರೆ, ನಿನ್ನ ತೊಡೆಯ ಮೇಲೆ ಲಾಲ್‌ಜೀಯನ್ನು ನೋಡುತ್ತಾರೆ, "ಜೈ ಶ್ರೀಕೃಷ್ಣ ಮಾತಾಜಿ" ಅಂತ ಕೈಮುಗಿದು ಮುಂದಿನ ಗಾಡಿಗೆ ಹೋಗುತ್ತಾರೆ. ಪ್ರತಿ ವರ್ಷ ಹಾಗೇ ಅಲ್ಲವೇ ಆಗು...

ಪ್ರತಿ ವರ್ಷ ಅಂದರೆ... ಮಾತಿಗೆ ಅಂದೆ.

ಹೀಗೆ ನೋಡಬೇಡ ಅಂತ ಹೇಳಿದೆನಲ್ಲ! ನಿನ್ನ ಈ ನೋಟಕ್ಕೆ ಚಿಕ್ಕಂದಿನಿಂದಲೂ ನನಗೆ ಮಾತು ತಪ್ಪುತ್ತದೆ. ಏನು ಹೇಳುತ್ತಿದ್ದೆ? ಹಾಂ, ಸದ್ದಾಗುವುದಿಲ್ಲ. ಅದಕ್ಕೆಂದೇ ಚಪ್ಪಟೆ ಬಾಟಲಿಗಳನ್ನು ಆರಿಸಿದ್ದು. ದುಂಡಗಿದ್ದರೆ ಉರುಳಿ ಬೆಳ್ಳಿ ಲೋಟಕ್ಕೆ ತಗುಲುತ್ತವೆ... ಆರಿಸಿದ್ದಲ್ಲ. ಜಪ್ತಿ. ಜಪ್ತಿ ಮಾಡುವಾಗ ಆರಿಸಿದ್ದು. ಸೋರುವ ಭಯವೂ ಇಲ್ಲ. ಈ ಸಲ ಮುಚ್ಚಳಕ್ಕೆ ಮೇಣ ಹಚ್ಚಿದ್ದೇನೆ, ಹೋದ ವರ್ಷದ ಹಾಗೆ ಲಾಲ್‌ಜೀಯ ಪುಟ್ಟ ರಜಾಯಿಗೆ...

...

ಏನಾದರೂ ಅನ್ನು ಅಮ್ಮ. ಜಪ ಬಿಟ್ಟರೂ ಪರವಾಗಿಲ್ಲ.

ಆ ರಜಾಯಿ ನೀನು ಒಗೆದು ತಾರಸಿಯ ಮೇಲೆ ಒಣಹಾಕಿದ್ದನ್ನು ನೋಡಿದ್ದೆ. ಮಾರನೆಯ ದಿನ ಪುನಃ ಒಗೆದೆ. ಮೂರನೆಯ ಸಲ ಒಗೆಯಲಿಲ್ಲ, ಹೊಸದೇ ಹೊಲಿದೆ. ತುಪ್ಪ ಚೆಲ್ಲಿತ್ತು ಅಂತ ನೀನು ತಿಳಿದಿರಬೇಕು ಅಂದುಕೊಂಡೆ. ನೀನು ಏನೂ ಕೇಳಲಿಲ್ಲವಲ್ಲ! ಹಾಗಾದರೆ ಗೊತ್ತಿತ್ತೇ ನಿನಗೆ? ಗೊತ್ತಿದ್ದೂ ಸುಮ್ಮನಿದ್ದೆಯಾ? ನೋಡು, ಹಾಗಿದ್ದರೆ ಇದರಲ್ಲಿ ನಿನ್ನದೂ ಸಮ್ಮತಿ ಇತ್ತು ಅಂತಾಯಿತು. ತರ್ಕ ತರ್ಕವೇ. ಅಂದು ಸುಮ್ಮನಿದ್ದವಳು ಇಂದೂ ಸುಮ್ಮನಿರಲು ಏನು ಕಷ್ಟ?

ಅಯ್ಯೋ... ಬಿಳಿ ಕಾರಿನವರನ್ನು ಕೆಳಗಿಳಿಸಿದ್ದಾರೆ. ಯಾರದು, ಹೆಂಗಸು? ಹೊಸ ಅಧಿಕಾರಿ. ಈಕೆಯನ್ನು ನಾನು ನೋಡಿಯೇ ಇಲ್ಲ. ಮಿಠಾಯಿ ಡಬ್ಬ ಬಿಚ್ಚಿಸುತ್ತಿದ್ದಾಳೆ. ಥೇಪ್ಲಾ ರೊಟ್ಟಿಯ ಪೊಟ್ಟಣಕ್ಕೂ ಕೈ ಹಾಕಿದಳು! ಆ ಮುದುಕಿಯ ಪೂಜೆಯ ಚೀಲ... ತೆಗೆಸಿದಳು ಅಮ್ಮ. ಕೈಮುಗಿದಳು, ಆಮೇಲೆ ತೆಗೆಸಿದಳು!

ಕೇಳು. ಬೇಗ ಕೇಳು. ಅಕಸ್ಮಾತ್ ನಮ್ಮದನ್ನೂ ತೆರೆಸಿದಳು ಅಂದುಕೋ. ಆಗ ನಾನು ಹೇಳುತ್ತೇನೆ, ಇದು ನಮ್ಮ ತಾಯಿಯವರದ್ದು, ಮೊಣಕಾಲಿಗೆ ಉಜ್ಜಿಕೊಳ್ಳುತ್ತಾರೆ, ಹಳ್ಳಿಯ ವೈದ್ಯರು ಯಾರೋ ಹೇಳಿದ್ದರು, ಕಾನೂನು ಅವರಿಗೆ ತಿಳಿಯದು. ನೀನು ಬಾಯಿ ತೆರೆಯಬೇಕಿಲ್ಲ. ಸುಳ್ಳು ನಿನ್ನ ನಾಲಗೆಗೆ ತಾಗುವುದಿಲ್ಲ, ಅದು ನನ್ನ ಮೇಲಿರಲಿ. ಎಂಬತ್ತು ದಾಟಿದವಳನ್ನು ಯಾರು ಏನು ಮಾಡುತ್ತಾರೆ? ಹೆಚ್ಚೆಂದರೆ ಬುದ್ಧಿ ಹೇಳಿ ಕಳಿಸುತ್ತಾರೆ. ನನ್ನನ್ನು ಹಿಡಿದರೆ? ನಾಳೆ ಪೇಪರಿನಲ್ಲಿ ನನ್ನ ಫೋಟೋ! ಸಮಿತಿಯ ಅಧ್ಯಕ್ಷ ಹರಿವದನ್ ಪರೀಖ್, ಕೈಗೆ ಕೋಳ! ಶಾಲೆಯ ಮಕ್ಕಳಿಗೆ ಪ್ರತಿಜ್ಞೆ ಬೋಧಿಸಿದವನು ನಾನು. ಅವರೆಲ್ಲ ನಗುತ್ತಾರೆ ಅಮ್ಮ.

ಕೇತುಲ್ ಹೆಸರು ಹೇಳಬಹುದಲ್ಲ ಅಂತಲೇ? ಅವನ ಮೇಲೆ ಹೇಗೆ ಹಾಕಲಿ? ಆ ಪೆದ್ದರು ಅಲ್ಲೇ ಕುಡಿದು, ಖಾಲಿ ಬಾಟಲಿ ಅಲ್ಲೇ ಬಿಟ್ಟು ಬಂದವರು. ಗಡಿ ದಾಟಿಸುವ ಧೈರ್ಯ ಅವರಿಗೆಲ್ಲಿದೆ! ಇದರಲ್ಲಿ ಅವರದ್ದು ಒಂದು ಹನಿಯೂ...

ಆಯಿತು. ಗೊತ್ತಾಯಿತಲ್ಲ. ನನ್ನದೇ. ಎಲ್ಲವೂ ನನ್ನದೇ. ಈಗ ಸಮಾಧಾನವೇ?

ಯಾಕೆ ಲಾಲ್‌ಜೀಯನ್ನು ಅಷ್ಟು ಬಿಗಿಯಾಗಿ ಅವುಚಿಕೊಂಡೆ? ಅವನನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ನೀನು ಸುಮ್ಮನೆ ಕೂತಿರು, ಯಾವಾಗಲೂ ಕೂರುವ ಹಾಗೆ. ನಿನ್ನ ಮುಖ ನೋಡಿದರೇ ನಂಬುತ್ತಾರೆ ಅಮ್ಮ, ಅದೇ ನನ್ನ... ಬಂದಳು, ಬಂದಳು. ಮಣಿ ಉರುಳಿಸು!

ಬನ್ನಿ ತಾಯೀ, ಬನ್ನಿ! ಜೈ ಶ್ರೀಕೃಷ್ಣ. ಪರೀಖ್ ಅಂತ, ನಿವೃತ್ತ ಮುಖ್ಯೋಪಾಧ್ಯಾಯ. ಡಿಕ್ಕಿ ತೆರೆದೇ ಇದೆ, ದಯವಿಟ್ಟು ಎಲ್ಲವನ್ನೂ ನೋಡಿ. ನಿಮ್ಮಂಥವರು ಇಂಥ ಬಿಸಿಲಿನಲ್ಲಿ ಕೆಲಸ ಮಾಡುತ್ತಿರುವುದರಿಂದಲೇ ರಾಜ್ಯ ಉಳಿದಿದೆ... ಇದೇ? ಇದು ದೇವರ ಪೆಟ್ಟಿಗೆ ತಾಯೀ. ಲಾಲ್‌ಜೀಯ ಬಟ್ಟೆಗಳು. ಮಡಿ. ನಮ್ಮಲ್ಲಿ ಹೊರಗಿನವರು ಮುಟ್ಟಿದರೆ ನಮ್ಮ ತಾಯಿಯವರು ಊಟ ಬಿಡುತ್ತಾರೆ, ಅದಕ್ಕೇ... ಜಪದಲ್ಲಿದ್ದಾರೆ, ಮಾತಾಡುವುದಿಲ್ಲ. ಇಲ್ಲ, ಕೇಳಿ, ಕೇಳಿ, ನೀವು ಅವರನ್ನೇ ಕೇಳಬಹುದು. ಅವರ ಮಾತನ್ನು ನಂಬುತ್ತೀರಲ್ಲ? ಅಮ್ಮಾ, ಇವರು ಕೇಳುತ್ತಿದ್ದಾರೆ, ದೇವರ ಪೆಟ್ಟಿಗೆಯೇ ಅಂತ. ಹೌದು ಅಂತ ಒಮ್ಮೆ ತಲೆಯಾಡಿಸಿಬಿಡು. ಒಮ್ಮೆ ಸಾಕು.

ಅಮ್ಮಾ?

ಗೋಮುಖಿ ಯಾಕೆ ಕೆಳಗಿಟ್ಟೆ? ಮಾಲೆ ಮುಗಿದಿಲ್ಲವಲ್ಲ... ಅಮ್ಮಾ, ಆ ಕೆಂಪು ಬಟ್ಟೆ ತೆಗೆಯಬೇಡ. ತೆಗೆಯಬೇಡ ಅಂದೆ! ಲಾಲ್‌ಜೀಗೆ ಯಾಕೆ ಸುತ್ತುತ್ತೀ ಅದನ್ನು, ಅವನಿಗೆ ಇಲ್ಲಿ ಚಳಿಯಿಲ್ಲ... ಬಾಗಿಲು! ಬಾಗಿಲು ಯಾಕೆ ತೆರೆದೆ, ಎಲ್ಲಿಗೆ ಇಳಿಯುತ್ತೀ, ಮೊಣಕಾಲು... ಒಂದು ನಿಮಿಷ ತಾಯೀ, ವಯಸ್ಸಾಗಿದೆ, ಅವರಿಗೆ... ಅಮ್ಮಾ, ಆ ಪೆಟ್ಟಿಗೆ ಎತ್ತಬೇಡ, ಭಾರವಿದೆ, ಇತ್ತ ಕೊಡು, ಅಲ್ಲ, ಅಲ್ಲೇ ಇಡು, ಅಲ್ಲೇ... ಅಮ್ಮಾ, ಇದನ್ನು ನನ್ನ ತೊಡೆಯ ಮೇಲೆ ಯಾಕಿಟ್ಟೆ?