ಆಳವಾಗಿ ಉತ್ತ ಹೊಲ

ಇಂಗ್ಲಿಷರು ನಮ್ಮ ಫ್ರೆಂಚ್ ಸೇನೆಯನ್ನು ಸೋಲಿಸಿ ಹೋದ ಮೂರನೇ ದಿನ, ರೊಟ್ಟಿ ಸುಡಿಸಲು ಊರ ಒಲೆಮನೆ ಮುಂದೆ ಸಾಲಲ್ಲಿ ನಿಂತಿದ್ದೆ. ನನ್ನ ಮುಂದೆ ಮುದುಕಿ ಎರ್ಮೆಲಿನ್, ಅವಳ ಮುಂದೆ ಉಳುವವನ ಹೆಂಡತಿ ಪೆರೊನೆಲ್.

"ನಮ್ಮೂರ ದೊರೆ ಸತ್ತಿದ್ದು ನಿನ್ನ ಗಂಡ ಉತ್ತ ಹೊಲದಲ್ಲಂತೆ?"

"ಹೂಂ ಅಜ್ಜಿ. ಮಳೆಗೆ ಕೆಸರಾಗಿತ್ತು. ಕಬ್ಬಿಣದ ಕವಚ ತೊಟ್ಟ ನಮ್ಮವರೆಲ್ಲ ಮೊಣಕಾಲವರೆಗೂ ಹೂತ್ಕೊಂಡ್ರು."

"ಆ ಇಂಗ್ಲಿಷ್ ಬಿಲ್ಲಿನವರು?"

"ಕಾಡಿನಂಚಲ್ಲಿ ನಿಂತು ಬಾಣ ಬಿಟ್ರು. ಆಮೇಲೆ ಬರಿಗಾಲಲ್ಲೇ ಓಡಿಬಂದು ಬಡಿದ್ರು."

"ನಿನ್ನ ಗಂಡಂಗೇನು ಬಂದಿತ್ತೇ, ಅಷ್ಟು ಆಳ ಉಳೋಕೆ?"

"ಮೊದಲು ಮೇಲ್ಮೇಲೇ ಉತ್ತಿದ್ರು. ದೊರೆ ಕುದುರೆ ಮೇಲಿಂದಾನೇ ನೋಡಿ, 'ಸೋಮಾರಿ, ಇನ್ನೂ ಆಳ ಹೋಗ್ಲಿ' ಅಂತ ಬೈದು, ಮತ್ತೆ ಉಳೋಕೆ ಹೇಳಿದ್ರು."

"ಅಯ್ಯೋ ದೇವರೇ! ಈಗೆಲ್ಲಿ ಅವನು?"

"ದೊರೆಗೆ ಗುಂಡಿ ತೋಡ್ತಿದ್ದಾರೆ."

ಒಳಗಿಂದ ಕರೆ ಬಂತು. ಪೆರೊನೆಲ್ ಹಿಟ್ಟಿನ ಬುಟ್ಟಿ ಎತ್ತಿಕೊಂಡಳು.

"ಈ ಸಲ ಹೇಳಿಸ್ಕೊಳ್ದೇನೇ ಆಳವಾಗಿ ತೋಡ್ತಿದ್ದಾರೆ ಅಜ್ಜಿ."