ಅಟ್ಟದ ಹಲಗೆಗೆ ಬಳಿದ ಸುಣ್ಣ

ನಮ್ಮ ತಂಗಿ ಮಗ ಗಂಗುಲಪ್ಪ ಮರಗೆಲಸದೋನು. ಹೋದ ವರ್ಷ ಕಾರ್ತೀಕದಲ್ಲಿ ಹಿಂದೂಪುರದಾಗೆ ಕೆಲಸ ಮುಗಿಸ್ಕೊಂಡು, ಲೇಪಾಕ್ಷಿ ಕಡೆ ಕೊನೇ ಬಸ್ಸಿಗೆ ಬಂದಿಳಿದ. ಮನೆಗೆ ಇನ್ನೂ ಅರ್ಧ ಮೈಲಿ. ದಾರೀಲಿ ಒಂದು ಪಾಳುಬಾವಿ. ಕೈ ತೊಳೆಯೋಕೂ ಪುರುಸೊತ್ತಾಗಿರಲಿಲ್ಲ... ಬಲಗೈ ಬೆರಳಿಗೆಲ್ಲ ಸುಣ್ಣ ಮೆತ್ತಿ ಒಣಗಿತ್ತು.

ಬಾವಿ ಹತ್ರ ಬಂದ. ಕುಟ್... ಕುಟ್... ಕುಟ್. ಎಲೆ ಅಡಿಕೆ ಕುಟ್ಟೋ ಸದ್ದು. ಇವನು ನಿಂತ. ಸದ್ದೂ ನಿಂತಿತು.

"ಸುಣ್ಣ ಐತೇನಪ್ಪಾ?" ಬಾವಿಕಟ್ಟೆ ಕಡೆಯಿಂದ ಮುದುಕಿ ಪಿಸುದನಿ.

"ಇಲ್ಲಜ್ಜಿ. ನಾನು ಎಲೆ ಹಾಕಲ್ಲ."

"ಐತಲ್ಲೋ... ಕೈಯಾಗೇ ಐತೆ."

ಅಷ್ಟೇ. ಬಲಗೈಗೆ ತಣ್ಣಗೆ, ಲೋಳೆ ಲೋಳೆಯಾಗಿ ಏನೋ ತಾಕಿತು. ಲಪ್... ಲಪ್. ಎಮ್ಮೆ ಕರ ನೆಕ್ಕಿದಂಗೆ, ಒಂದೊಂದೇ ಬೆರಳು. ಹೊಗೆಸೊಪ್ಪಿನ ಗಬ್ಬು ನಾತ. ಕೈ ಕಿತ್ಕೊಂಡು ಓಡಿದ. ಮನೇಲಿ ಲೈಟ್ ಹಾಕಿ ನೋಡಿದ್ರೆ ಸುಣ್ಣ ಚೂರೂ ಇಲ್ಲ. ಬೆರಳು ಕೆಂಪಗೆ, ಅಂಟಂಟು. ಬಚ್ಚಲಲ್ಲಿ ಕೂತು ಹೊಟ್ಟೇಲಿದ್ದಿದ್ದೆಲ್ಲ ಕಕ್ಕಿದ. ಆಗ ಯಾರಿಗೂ ಹೇಳಲಿಲ್ಲ.

ಹೇಳೋ ಮುಖ ಎಲ್ಲಿತ್ತು? ಅವತ್ತು ಹಗಲು ಅವನು ಮಾಡಿದ್ದ ಕೆಲಸ ಅಂಥಾದ್ದು.

ಹಿಂದೂಪುರದಾಗೆ ಹುಣಸೆಹಣ್ಣಿನ ವ್ಯಾಪಾರದ ದ್ರಾಕ್ಷಾಯಣಮ್ಮನವರ ಮನೆ. ಹಳೇ ಕಾಲದ್ದು, ಅಟ್ಟಕ್ಕೆಲ್ಲ ಮರದ ಹಲಗೆ ಹಾಸಿರೋದು. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ಮಗಳು ಯಶೋದಾ ಬಾಣಂತನಕ್ಕೆ ಬರೋಳಿದ್ಲು. ಅಟ್ಟದ ಕೆಳಗಿನ ಕೋಣೆ ಅವಳಿಗೆ. ಕೂಸಿನ ಮೇಲೆ ಮಣ್ಣು ಉದುರಬಾರದು ಅಂತ, ಅಲ್ಲಾಡ್ತಿದ್ದ ಹಲಗೆ ಕಿತ್ತು, ಅವನ್ನೇ ಮತ್ತೆ ಭದ್ರವಾಗಿ ಕೂರಿಸೋಕೆ ಗಂಗುಲಪ್ಪನ್ನ ಕರೆದಿದ್ರು. "ಹೆಂಗಿದ್ದವೋ ಹಂಗೇ ಕೂರಿಸಪ್ಪ, ಮಗ್ಗುಲು ಬದಲಾಯಿಸ್ಬೇಡ" ಅಂದಿದ್ರು ಆಯಮ್ಮ.

ಅವರತ್ತೆ ಆ ಅಟ್ಟ ಬಿಟ್ಟು ಇಳಿದೋರಲ್ಲ, ಸತ್ತಿದ್ದೂ ಅಲ್ಲೇ. ಎಲೆ, ಹೊಗೆಸೊಪ್ಪು ಜಗಿಯೋದು, ಕೂತಲ್ಲೇ ಉಗಿಯೋದು. ಹಲಗೆ ಮೇಲೆ ಉಗುಳು ಬೆರಳು ದಪ್ಪ ಹೆಪ್ಪುಗಟ್ಟಿತ್ತು. ಅದರೊಳಗೆ ನರೆಗೂದಲು, ಜಿರಲೆ ರೆಕ್ಕೆ, ಒಂದು ಹಲ್ಲು... ಥೂ! ಹೇಸಿಗೆ ಹುಟ್ಟಿ ಗಂಗುಲಪ್ಪ ಉಳಿ ಕೆಳಗಿಟ್ಟ. ಹೆರೆಯದೆ ಮೊಳೆ ಹೊಡೆಯೋಕಾಗಲ್ಲ, ಇದನ್ನ ಹೆರೆಯೋರು ಯಾರು? ಹಲಗೆಗಳನ್ನೇ ಮಗುಚಿ ಹಾಕ್ಬುಟ್ಟ. ಚೊಕ್ಕ ಮುಖ ಮೇಲಕ್ಕೆ, ಉಗುಳಿನ ಮುಖ ಕೆಳಕ್ಕೆ. ಕೆಳಗಿಂದ ಕಾಣದಂಗೆ ಅದಕ್ಕೆ ದಪ್ಪಗೆ ಸುಣ್ಣ ಬಳಿದ.

ಯಶೋದಾ ಹೆತ್ತು ಮನೆಗೆ ಬಂದ ಮೂರನೇ ದಿನ ದ್ರಾಕ್ಷಾಯಣಮ್ಮನವರ ಫೋನು ಬಂತು. "ಬೇಗ ಬಾರಪ್ಪ."

ಹೋದ. ಬಾಣಂತಿ ಮಗೂನ ಸೆರಗಲ್ಲಿ ಮುಚ್ಕೊಂಡು ಮೂಲೇಲಿ ಕೂತಿದ್ಲು. ಕತ್ತೆತ್ತಿ ನೋಡಿದ್ರೆ ಬಿಳೀ ಸುಣ್ಣವೆಲ್ಲ ರಕ್ತಗೆಂಪು, ತೇವ. ಕುಟ್... ಕುಟ್... ಪಿಚಕ್! ಮೇಲಿಂದ ಕೆಂಪು ಉಗುಳು ಖಾಲಿ ತೊಟ್ಟಿಲೊಳಗೆ ಬಿತ್ತು.

"ಕೂಸಿನ ಬಾಯಿಗೂ ಬಿದ್ದೈತೆ ಗಂಗುಲಪ್ಪಣ್ಣಾ," ಅಂದ್ಲು ಯಶೋದಾ. "ನಿನ್ನೆಯಿಂದ ಹಾಲು ಮುಟ್ತಿಲ್ಲ."

ದ್ರಾಕ್ಷಾಯಣಮ್ಮ ಪಕ್ಕಕ್ಕೆ ಕರೆದು ಪಿಸುಗುಟ್ಟಿದ್ರು. "ಏನಪ್ಪಾ ಮಾಡ್ದೆ?"

"ತಪ್ಪಾಯ್ತಮ್ಮಾ... ಮಗುಚಿ ಹಾಕ್ಬುಟ್ಟೆ. ಸುಣ್ಣ ಬಳಿದೆ."

"ಅದು ಸುಣ್ಣಾನಾ? ಬಣ್ಣ ಅಂದ್ಕೊಂಡಿದ್ನಲ್ಲಪ್ಪಾ!" ಆಯಮ್ಮನ ಮುಖ ಬಿಳಿಚ್ಕೊಂತು. "ಬಾಯೆಲ್ಲ ಹುಣ್ಣಾಗೈತೆ ಅಂತ ಕೊನೇಗಾಲದಾಗೆ ನಾನು ಅತ್ತೇಗೆ ಸುಣ್ಣ ಕೊಡ್ಲಿಲ್ಲ ಕಣಪ್ಪ. 'ಕೊಂಚೆಂ ಸುನ್ನಂ, ಕೊಂಚೆಂ ಸುನ್ನಂ' ಅಂತಾನೇ ಪ್ರಾಣ ಬಿಟ್ರು."

ಅವತ್ತೇ ಹಲಗೆ ಎಲ್ಲ ಕಿತ್ತ. ಮೂಗಿಗೆ ಟವಲ್ ಕಟ್ಕೊಂಡು ಉಳಿಯಲ್ಲಿ ಹೆರೆದ. ಸರ್ರ್... ಸರ್ರ್. ವರ್ಷಗಟ್ಟಲೆ ಒಣಗಿದ್ದ ಉಗುಳು, ಕೈಗೆ ಬೆಚ್ಚಗೆ ಹತ್ತಿತು... ಈಗಷ್ಟೇ ಉಗಿದಂಗೆ. ಓಕರಿಸ್ಕೊಂಡು, ಅಳ್ತಾ, ಒಂದೂ ಬಿಡದೆ ಚೊಕ್ಕ ಮಾಡಿ, ಮೊದಲು ಹೆಂಗಿದ್ದವೋ ಹಂಗೇ ಕೂರಿಸಿ ಮೊಳೆ ಹೊಡೆದ. ಠಣ್. ಠಣ್. ದ್ರಾಕ್ಷಾಯಣಮ್ಮ ಅಟ್ಟದ ಮೂಲೇಲಿ ಒಂದು ಸುಣ್ಣದ ಡಬ್ಬಿ ತುಂಬಿಸಿಟ್ಟು, ಮುಚ್ಚಳ ಹಾಕಿ ಕೈಮುಗಿದ್ರು.

ಬೆಳಗಿನ ಜಾವ ಕೂಸು ಹಾಲು ಕುಡೀತು. ಡಬ್ಬಿ ಮುಚ್ಚಳ ಹಾಕಿದ್ದು ಹಾಕಿದಂಗೇ ಇತ್ತು. ಒಳಗೆ ನೆಕ್ಕಿದಂಗೆ ಖಾಲಿ.

ಸುಳ್ಳು ಅಂತೀರಾ? ಮೊನ್ನೆ ಗಂಗುಲಪ್ಪ ನಮ್ಮನೆಗೆ ಬಂದಿದ್ದ. ಬಿಸಿ ಮುದ್ದೆ, ಸೊಪ್ಪಿನ ಸಾರು ಇಕ್ಕಿದೆ. ಅವತ್ತು ನೆಕ್ಕಿಸ್ಕೊಂಡಿದ್ದ ಬಲಗೈ ಪಂಚೆಯೊಳಗೆ ಬಚ್ಚಿಟ್ಕೊಂಡು, "ದೊಡ್ಡಮ್ಮಾ... ಒಂದು ಚಮಚ ಐತಾ?" ಅಂದ.

ಮುದ್ದೆಗೆ ಚಮಚ ಕೇಳೋರನ್ನ ನಮ್ಮ ಸೀಮೇಲಿ ಯಾರಾದ್ರೂ ಕಂಡಿದ್ದೀರಾ? ನಾನು ಕಂಡೆ. ನಾನೇ ಕೊಟ್ಟೆ. ಎಡಗೈಲಿ ಇಸ್ಕೊಂಡ.