ಕೊಟ್ಟಿಗೆಯ ಮೂರನೇ ಮನೆ

ಇಶ್ಬೆಲ್ ನಮ್ಮ ಮನೆಯಿಂದ ಹೊರಟಾಗ ರಾತ್ರಿ ಹತ್ತೂವರೆ. ನವೆಂಬರ್ ತಿಂಗಳು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಹೊಲ.

"ಇನ್ನೊಂದು ಕಪ್ ಟೀ ಕುಡಿದ್ರೆ ಇಲ್ಲೇ ಹಾಸಿಗೆ ಹಾಸ್ಬೇಕಾಗತ್ತೆ ಕಣೇ," ಅಂದಳು.

"ಹಾಸ್ತೀನಿ. ಬೆಳಿಗ್ಗೆ ದುಪ್ಪಟಿ ಮಾತ್ರ ನೀನೇ ಬದಲಾಯಿಸ್ಬೇಕು."

ನಕ್ಕಳು. ಬಾಯಿ ನಕ್ಕಿತು, ಅಷ್ಟೇ. ಅವಳು ನಗೋದೇ ಹಾಗೆ.

ಇವಳು ನನ್ನ ಚಿಕ್ಕಪ್ಪನ ಮಗಳು. ಡಂಫ್ರೀಸ್ ಅನ್ನೋ ಊರಿನ ಕಡೆಯ ಕ್ರೇಗ್‌ಬರ್ನ್ ತೋಟದ ಮನೆಗೆ ಸೊಸೆಯಾಗಿ ಬಂದವಳು. ಕಾಲುಬಾಯಿ ರೋಗದ ವರ್ಷ ಅವರ ಎಪ್ಪತ್ತೆರಡು ಹಸುಗಳನ್ನು ಸರ್ಕಾರದವರು ಒಂದೇ ದಿನ ಕೊಂದರು. ಒಂದಕ್ಕೂ ರೋಗ ಇರಲಿಲ್ಲ, ಪಕ್ಕದ ಹೊಲದವರ ದನಗಳಿಗಿತ್ತು. ಅವಳ ಗಂಡ ಆಡಮ್ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲ್ಲ ಅಂತ ಕೊಟ್ಟಿಗೆಯಲ್ಲೇ ಕೂತುಬಿಟ್ಟ. ಸಹಿ ಹಾಕಿದವಳು ಇಶ್ಬೆಲ್. ಆಮೇಲೆ ಅವನು ನಾಲ್ಕು ವರ್ಷ ಬದುಕಿದ್ದ. ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಾಗೇ ಹೋಗಿಬಿಟ್ಟ.

ಅವರ ಮಗಳು ಆ ಕೊಟ್ಟಿಗೆಯನ್ನೇ ಮೂರು ಮನೆ ಮಾಡಿಸಿದಳು. ರಜೆಗೆ ಬಂದವರು ತಾವೇ ಅಡುಗೆ ಮಾಡಿಕೊಂಡು ಒಂದು ವಾರ ಇದ್ದು ಹೋಗ್ತಾರೆ. ಗುಡಿಸಿ, ಹಾಸಿ, ಬ್ರೆಡ್ಡು ಮೊಟ್ಟೆ ಇಡೋದು ನಾವಿಬ್ಬರು.

ಅವತ್ತು ಮೂರೂ ಖಾಲಿ. ಅಂಗಳದ ಬಾವಿ ದಾಟುವಾಗ ಅವಳಿಗೆ ಕೇಳಿಸಿತು.

ಸರಕ್... ಸರಕ್... ಸರಕ್...

ಸಿಮೆಂಟು ನೆಲದ ಮೇಲೆ ಗಡಸು ಪೊರಕೆ. ಮೂರನೇ ಮನೆಯೊಳಗೆ. ಅಲ್ಲಿ ಈಗ ಸಿಮೆಂಟು ಎಲ್ಲಿದೆ? ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು.

ಆಮೇಲೆ ಸರಪಳಿ. ಕಿಣ್... ಕಿಣ್... ಅದರ ಹಿಂದೆ, ದಪ್ಪ ಉಸಿರು. ಒಂದಲ್ಲ... ಸಾಲಾಗಿ.

"ಭಯ ಆಗ್ಲಿಲ್ವಾ?" ಅಂತ ಆಮೇಲೆ ಕೇಳಿದೆ.

"ಇಲ್ಲ ಕಣೇ. ಏನೂ ಆಗ್ಲಿಲ್ಲ."

ಬೀಗ ತೆಗೆದಳು. ಒಳಗೆ ಬೆಚ್ಚಗಿತ್ತು. ಸ್ವಿಚ್ ಒತ್ತಿದಳು. ಟಕ್. ದೀಪ ಬರಲಿಲ್ಲ. ಪೊರಕೆ ನಿಂತಿತು.

"ಇಶ್ಬೆಲ್?" ಪಿಸುದನಿ. ಆಡಮ್‌ನದೇ.

"ಹ್ಞೂಂ."

"ಬಾಗ್ಲು ಹಾಕು. ಚಳಿ ಒಳಗ್ ಬರತ್ತೆ."

ಹಾಕಿದಳು.

"ಎಷ್ಟು ಉಳೀತು?"

ಅವಳು ಕತ್ತಲಲ್ಲೇ ನಿಂತಿದ್ದಳು. ಕೈಯಲ್ಲಿ ಬೀಗದ ಕೈ.

"ಒಂದೂ ಇಲ್ಲ ಆಡಮ್. ನಾನೇ ಸಹಿ ಹಾಕ್ದೆ."

ಎಲ್ಲೋ ಒಂದು ಗೊರಸು ಕದಲಿತು. ಟಪ್.

"ಗೊತ್ತು," ಅಂದ. "ಹೋಗಿ ಮಲ್ಕೋ. ಇವುಗಳ ಹತ್ರ ನಾನಿದ್ದೀನಿ."

ಸರಕ್... ಸರಕ್... ಮತ್ತೆ ಶುರುವಾಯಿತು.

ಬೀಗ ಹಾಕಿ ಮನೆಗೆ ಹೋದಳು. ಬೂಟು ಬಿಚ್ಚಿದಳು. ಮಲಗಿದಳು. ನಿದ್ದೆಯೂ ಬಂತಂತೆ.

ಇದೆಲ್ಲ ನನಗೆ ಹೇಳಿದ್ದು ಮರುದಿನ ಬೆಳಿಗ್ಗೆ, ಅದೇ ಮೂರನೇ ಮನೆಯಲ್ಲಿ, ಹಾಸಿಗೆಯ ಆ ಬದಿ ನಿಂತು. ದುಪ್ಪಟಿಯ ಎರಡು ಮೂಲೆ ಅವಳ ಕೈಲಿ, ಎರಡು ನನ್ನ ಕೈಲಿ. ದೀಪ ಸರಿಯಾಗೇ ಉರೀತಿತ್ತು. ಕಾರ್ಪೆಟ್ಟಿನ ಮೇಲೆ ಒಂದು ಗುರುತೂ ಇರಲಿಲ್ಲ.

"ಅಳ್ಬೇಕಿತ್ತೇನೋ," ಅಂದಳು. "ಬರ್ಲಿಲ್ಲ."

ನಾನು ದುಪ್ಪಟಿ ಎಳೆದು ಸರಿ ಮಾಡಿದೆ.

ನೀವು ನಂಬಿ, ಬಿಡಿ. ಅವಳಿಗೆ ಕನಸು ಬಿದ್ದಿರಬೇಕು ಅಂತ ನಾನೂ ಅಂದ್ಕೊಂಡೆ. ಆದ್ರೆ ಆಮೇಲೆ ಅಲ್ಲಿನ ಅಡುಗೆಮನೆಗೆ ಹೋದೆ. ಎರಡು ದಿನದ ಹಿಂದೆ ನಾನೇ ತುಂಬಿಟ್ಟ ಉಪ್ಪಿನ ಬಟ್ಟಲು ಮೇಜಿನ ಮೇಲಿತ್ತು. ಒಂದು ಹರಳೂ ಇರಲಿಲ್ಲ. ಬೆರಳಿಟ್ಟು ನೋಡಿದೆ... ಒಳಗೆಲ್ಲ ಒದ್ದೆ, ಹಸು ನೆಕ್ಕಿಟ್ಟ ಹಾಗೆ.

ಇದು ಯಾರೋ ಹೇಳಿ ಕೇಳಿದ್ದಲ್ಲ. ಮುಟ್ಟಿದ್ದು ಈ ಬೆರಳೇ.

ಇಶ್ಬೆಲ್ ಅದನ್ನು ನನ್ನ ಕೈಯಿಂದ ತಗೊಂಡು ತೊಳೆದು, ಒರೆಸಿ, ಮತ್ತೆ ಉಪ್ಪು ತುಂಬಿದಳು. ನಾಲ್ಕು ಗಂಟೆಗೆ ರಜೆಗೆ ಅಂತ ಲೀಡ್ಸ್‌ನವರು ಬರೋರಿದ್ರು.